ಮೊಲವನ್ನು ಬಿಡಿಸಿದ ವಿದ್ಯೆ

ಔಷಧಗಳ ನಿರಪಾಯತೆಯ ಪರೀಕ್ಷೆಯನ್ನು ಕುರಿತು ಒಂದು ಪಾಠ

ಈ ಸ್ಮರಣಸಂಚಿಕೆಗೆ ವಿಜ್ಞಾನದ ಪಾಠವೊಂದನ್ನು ಬರೆದುಕೊಡಬೇಕೆಂದು ಅಪ್ಪಣೆಯಾದಾಗ, ಒಂಭತ್ತನೆಯ ತರಗತಿಯಲ್ಲಿ ನಡೆದ ಒಂದು ಸಂಗತಿಯು ನನ್ನ ನೆನಪಿಗೆ ಬಂದಿತು. ಸೂಕ್ಷ್ಮಜೀವಿಗಳ ಪಾಠವು ಮುಗಿಯುತ್ತಲಿತ್ತು. ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳದೊಳಕ್ಕೆ ಹನಿಹನಿಯಾಗಿ ಇಳಿಸುವ ಉಪ್ಪುನೀರನ್ನು ಬಹುಕಾಲದವರೆಗೆ ಮೊಲಗಳ ಮೇಲೆ ಪರೀಕ್ಷಿಸಿದ ತರುವಾಯವೇ ಹೊರಕ್ಕೆ ಕಳುಹಿಸುತ್ತಿದ್ದರೆಂದು ನಾನು ಪ್ರಸಂಗವಶಾತ್ ಹೇಳಿದೆನು. ಕೂಡಲೆ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದುನಿಂತು, "ಟೀಚರ್, ನಮ್ಮ ಮನೆಯಲ್ಲಿ ಎರಡು ಮೊಲಗಳಿವೆ. ಬಾಯಿಲ್ಲದ ಪ್ರಾಣಿಗೆ ಸೂಜಿ ಚುಚ್ಚುವುದು ಅನ್ಯಾಯವಲ್ಲವೇ?" ಎಂದಳು. ಅವಳು ಕುಳಿತುಕೊಳ್ಳುವುದರೊಳಗೆ ಹಿಂದಿನ ಬೆಂಚಿನಿಂದ ಮತ್ತೊಬ್ಬಳು, "ನನ್ನ ತಮ್ಮನಿಗೆ ವಾಂತಿಭೇದಿಯಾದಾಗ ಎರಡು ದಿನ ಸಲೈನ್ ಹಾಕಿದ್ದರು. ಆ ಬಾಟಲಿಯನ್ನು ಯಾರೂ ಪರೀಕ್ಷಿಸದೆ ಇದ್ದಿದ್ದರೆ ಅದು ನ್ಯಾಯವಾಗುತ್ತಿತ್ತೇ?" ಎಂದು ಕೇಳಿದಳು. ತರಗತಿಯು ಎರಡು ಪಂಗಡವಾಯಿತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಅಂದು ನಾನು ಯಾರ ಮಾತು ಸರಿಯೆಂದು ಹೇಳದೆ ಹೊರಟುಬಂದೆನು. ಹೇಳಲಾರದೆ ಬಂದೆನೆಂಬುದೇ ನಿಜ. ಏಕೆಂದರೆ ಇಬ್ಬರ ಮಾತೂ ಸರಿಯಾಗಿಯೇ ಇದ್ದಿತು. ಒಬ್ಬಳ ಪಕ್ಷವನ್ನು ವಹಿಸಿದರೆ ಇನ್ನೊಬ್ಬಳಿಗೆ ಕರುಣೆಯು ಹುಚ್ಚುತನವೆಂದೋ, ಎಚ್ಚರಿಕೆಯು ಕಠಿಣತನವೆಂದೋ ಕಲಿಸಿದಂತಾಗುತ್ತಿತ್ತು. ಆಮೇಲೆ ನಾಲ್ಕು ಅವಧಿಗಳಲ್ಲಿ ನಾವೆಲ್ಲರೂ ಕೂಡಿ ಈ ಪ್ರಶ್ನೆಯನ್ನು ಬಿಡಿಸಿದೆವು. ಆ ಪಾಠವನ್ನೇ ಇಲ್ಲಿ ಬರೆದಿರುವೆನು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ತಾಯಂದಿರಾಗಿಯೂ ಇರುವವರು ಅನೇಕರು. ಮಗುವಿನ ಹಾಸಿಗೆಯ ಬಳಿ ತೂಗುವ ಬಾಟಲಿಯನ್ನು ನೋಡುತ್ತ ರಾತ್ರಿಯನ್ನು ಕಳೆದ ತಂದೆತಾಯಿಗಳೂ ಈ ಪುಟಗಳನ್ನು ಓದುವರು. ಈ ಪಾಠವು ಅವರೆಲ್ಲರಿಗೂ ಸಂಬಂಧಪಟ್ಟದ್ದೇ.

೧. ಪರೀಕ್ಷೆಯು ಏಕೆ ಬೇಕಾಯಿತು?

ಔಷಧವನ್ನು ಮನುಷ್ಯರಿಗೆ ಕೊಡುವುದಕ್ಕೆ ಮೊದಲು ಪ್ರಾಣಿಗಳ ಮೇಲೆ ನೋಡಬೇಕೆಂಬ ಕಟ್ಟಳೆಯು ಸುಮ್ಮನೆ ಹುಟ್ಟಲಿಲ್ಲ. ೧೯೩೭ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಸಲ್ಫಾನಿಲಮೈಡ್ ಎಂಬ ಒಳ್ಳೆಯ ಔಷಧವನ್ನು ಮಕ್ಕಳು ಕುಡಿಯುವಂತೆ ಸಿಹಿಯಾದ ಪಾನಕವಾಗಿ ಮಾಡಿದರು. ಅದನ್ನು ಕರಗಿಸುವುದಕ್ಕೆ ಡೈಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಉಪಯೋಗಿಸಿದರು. ರುಚಿಯನ್ನು ನೋಡಿದರು, ಬಣ್ಣವನ್ನು ನೋಡಿದರು, ವಾಸನೆಯನ್ನು ನೋಡಿದರು. ಆ ದ್ರವವು ಮೂತ್ರಪಿಂಡಗಳನ್ನು ಕೆಡಿಸುವ ವಿಷವೆಂಬುದನ್ನು ಮಾತ್ರ ಯಾರೂ ನೋಡಲಿಲ್ಲ. ನೋಡಬೇಕೆಂಬ ಕಾನೂನೂ ಆಗ ಇರಲಿಲ್ಲ. ಕೆಲವೇ ವಾರಗಳಲ್ಲಿ ನೂರಕ್ಕಿಂತ ಹೆಚ್ಚು ಮಂದಿ ಸತ್ತರು. ಅವರಲ್ಲಿ ಅನೇಕರು ಚಿಕ್ಕ ಮಕ್ಕಳು. ಮರುವರುಷವೇ, ಅಂದರೆ ೧೯೩೮ರಲ್ಲಿ, ಹೊಸ ಔಷಧವು ನಿರಪಾಯವೆಂದು ತೋರಿಸದೆ ಮಾರಕೂಡದೆಂಬ ಶಾಸನವು ಆ ದೇಶದಲ್ಲಿ ಬಂದಿತು.

ಇದನ್ನು ಕೇಳಿದಾಗ ಮೊಲಗಳನ್ನು ಸಾಕಿದ ಹುಡುಗಿಯು ಮೌನವಾಗಿದ್ದಳು. ಪ್ರಾಣಿಪರೀಕ್ಷೆಯನ್ನು ವಿರೋಧಿಸುವವರು ಮೊದಲು ಈ ಮಕ್ಕಳನ್ನು ನೆನೆಯಬೇಕು. ಪರೀಕ್ಷೆಯನ್ನು ಕೈಬಿಟ್ಟರೆ ಕರುಣೆ ತೋರಿಸಿದಂತೆ ಆಗುವುದಿಲ್ಲ. ಅಪಾಯವನ್ನು ಮೊಲದ ಬೆನ್ನಿನಿಂದ ಎತ್ತಿ ಮಗುವಿನ ಬೆನ್ನಿನ ಮೇಲೆ ಇಟ್ಟಂತೆ ಆಗುವುದು.

ಆದರೆ ಇದೇ ಕಥೆಯಲ್ಲಿ ಇನ್ನೊಂದು ಸಂಗತಿಯೂ ಅಡಗಿದೆ. ಇಂದು ಔಷಧದಲ್ಲಿ ಆ ದ್ರವವು ಬೆರೆತಿದೆಯೇ ಎಂದು ತಿಳಿಯಬೇಕಾದರೆ ಯಾವ ಪ್ರಾಣಿಯೂ ಬೇಕಾಗಿಲ್ಲ. ಆ ವಿಷದ ಹೆಸರು ನಮಗೆ ಗೊತ್ತು, ಅದರ ಗುಣ ಗೊತ್ತು. ರಸಾಯನಶಾಲೆಯಲ್ಲಿ ಅದನ್ನು ಬೇರ್ಪಡಿಸಿ ಅಳೆಯಬಹುದು. ಕಾರಣವು ತಿಳಿಯದಿರುವಾಗ ಪ್ರಾಣಿಯ ಇಡೀ ದೇಹವನ್ನೇ ಕೇಳಬೇಕಾಗುತ್ತದೆ. ಕಾರಣವು ತಿಳಿದ ಮೇಲೆ ಅದೊಂದನ್ನೇ ಹುಡುಕಿದರೆ ಸಾಕಾಗುತ್ತದೆ. ನಮ್ಮ ಪಾಠದ ತಿರುಳು ಇದೇ. ಇನ್ನು ಮೊಲದ ಕಥೆಯಲ್ಲಿ ಇದು ಹೇಗೆ ನಡೆಯಿತೆಂಬುದನ್ನು ನೋಡೋಣ.

೨. ಕುದಿಸಿದರೂ ಹೋಗದ ವಿಷ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಔಷಧವನ್ನು ನೇರವಾಗಿ ರಕ್ತನಾಳಕ್ಕೆ ಕೊಡುವ ಪದ್ಧತಿಯು ಹಬ್ಬುತ್ತ ಬಂದಿತು. ಅದರೊಡನೆ ಒಂದು ತೊಂದರೆಯೂ ಬಂದಿತು. ಸೂಜಿ ಚುಚ್ಚಿಸಿಕೊಂಡ ಸ್ವಲ್ಪ ಹೊತ್ತಿಗೆ ಕೆಲವು ರೋಗಿಗಳಿಗೆ ಚಳಿ ಹತ್ತಿ, ಮೈ ನಡುಗಿ, ಜ್ವರ ಏರುತ್ತಿದ್ದಿತು. ವೈದ್ಯರು ಇದನ್ನು ಒಮ್ಮೆ ಉಪ್ಪಿನ ಜ್ವರವೆಂದರು, ಒಮ್ಮೆ ಔಷಧದ ಜ್ವರವೆಂದರು. ನೀರನ್ನು ಭಟ್ಟಿ ಇಳಿಸಿದ್ದಾರೆ, ಕುದಿಸಿದ್ದಾರೆ, ಕ್ರಿಮಿಗಳೆಲ್ಲ ಸತ್ತಿವೆ, ಆದಾಗ್ಯೂ ಜ್ವರವೇಕೆ?

ಇದಕ್ಕೆ ಉತ್ತರವನ್ನು ಕಂಡುಹಿಡಿದವಳು ಒಬ್ಬ ಸ್ತ್ರೀಯೆಂಬುದು ನಮ್ಮ ಹುಡುಗಿಯರಿಗೆ ಬಹಳ ಸಂತೋಷವನ್ನು ಕೊಟ್ಟಿತು. ಫ್ಲಾರೆನ್ಸ್ ಸೀಬರ್ಟ್ ಎಂಬ ಈ ವಿದುಷಿಯು ೧೮೯೭ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಈಸ್ಟನ್ ಊರಿನಲ್ಲಿ ಹುಟ್ಟಿದಳು. ಮೂರನೆಯ ವಯಸ್ಸಿನಲ್ಲಿ ಪೋಲಿಯೋ ರೋಗವು ಬಂದು ಅವಳ ಕಾಲು ಕುಂಟಾಯಿತು. ಹಾಗಿದ್ದರೂ ಓದನ್ನು ಬಿಡದೆ ರಸಾಯನಶಾಸ್ತ್ರವನ್ನು ಕಲಿತು, ೧೯೨೩ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿಯನ್ನು ಪಡೆದಳು. ಅಲ್ಲಿ ಅವಳು ಮಾಡಿದ ಶೋಧನೆಯು ಈ ಜ್ವರವನ್ನು ಕುರಿತದ್ದೇ ಆಗಿತ್ತು. ತಪ್ಪು ಉಪ್ಪಿನದೂ ಅಲ್ಲ, ಔಷಧದ್ದೂ ಅಲ್ಲ, ನೀರಿನದೆಂದು ಅವಳು ತೋರಿಸಿಕೊಟ್ಟಳು.

ಅದು ಹೇಗೆಂದರೆ, ಇಟ್ಟ ನೀರಿನಲ್ಲಿ ಕೆಲವು ಜಾತಿಯ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ನೀರನ್ನು ಕುದಿಸಿದರೆ ಅವು ಸಾಯುವುದೇನೋ ನಿಜ. ಆದರೆ ಅವುಗಳ ಹೊರಗಿನ ಪೊರೆಯಲ್ಲಿರುವ ಒಂದು ವಸ್ತುವು ಸಾಯುವಂಥದ್ದಲ್ಲ. ಅದು ನೀರಿನಲ್ಲಿಯೇ ಉಳಿಯುತ್ತದೆ. ಭಟ್ಟಿಯಲ್ಲಿ ನೀರು ಕುದಿಯುವಾಗ ಹಬೆಯೊಡನೆ ಕಣ್ಣಿಗೆ ಕಾಣದ ತುಂತುರೂ ಹಾರಿ, ಆ ವಸ್ತುವನ್ನು ಹೊತ್ತುಕೊಂಡು ಆಚೆಯ ಪಾತ್ರೆಗೆ ಹೋಗುತ್ತದೆ. ಸೀಬರ್ಟಳು ಈ ತುಂತುರನ್ನು ತಡೆಹಿಡಿಯುವಂಥ ಭಟ್ಟಿಯನ್ನು ಕಲ್ಪಿಸಿದಳು. ಹಾಗೆ ಇಳಿಸಿದ ನೀರಿನಿಂದ ಜ್ವರವು ಬರಲಿಲ್ಲ.

ಈ ವಸ್ತುವಿಗೆ ಎಂಡೋಟಾಕ್ಸಿನ್ ಅಥವಾ ಅಂತರ್ವಿಷವೆಂದು ಹೆಸರು. ಸಾಧಾರಣವಾದ ಕುದಿತಕ್ಕೆ ಇದು ಅಳಿಯುವುದಿಲ್ಲ. ಗಾಜಿನ ಸಾಮಾನಿನ ಮೇಲಿರುವ ಅಂತರ್ವಿಷವನ್ನು ಅಳಿಸುವುದಕ್ಕೆ ಸುಮಾರು ೨೫೦ ಸೆಂಟಿಗ್ರೇಡ್ ಡಿಗ್ರಿಯ ಒಣ ಶಾಖದಲ್ಲಿ ಅರ್ಧ ಗಂಟೆ ಇಡುತ್ತಾರೆ. ಇಲ್ಲಿ ತಾಯಂದಿರಿಗೆ ಒಂದು ಮಾತು. ಇದನ್ನು ಓದಿ ಮನೆಯ ಕುದಿಸಿದ ನೀರಿನ ಮೇಲೆ ಸಂಶಯಪಡಬೇಕಾಗಿಲ್ಲ. ಕುಡಿಯುವ ನೀರಿನಲ್ಲಿ ನಮಗೆ ಕೇಡುಮಾಡುವುದು ಜೀವಂತ ರೋಗಾಣು. ಅದನ್ನು ಕುದಿಸುವಿಕೆಯು ಕೊಲ್ಲುತ್ತದೆ. ಅಂತರ್ವಿಷವು ಹೀಗೆ ಜ್ವರವನ್ನು ಎಬ್ಬಿಸುವುದು ನೇರವಾಗಿ ರಕ್ತಕ್ಕೆ ಸೇರಿದಾಗ.

೩. ಮೊಲವು ಹೇಳುತ್ತಿದ್ದ ಸಾಕ್ಷ್ಯ

ಕಾರಣವು ನೀರಿನಲ್ಲಿದೆಯೆಂದು ತಿಳಿಯಿತು. ಆದರೆ ಆ ಕಾಲದಲ್ಲಿ ಅದನ್ನು ಅಳೆಯುವ ಉಪಕರಣವು ಇರಲಿಲ್ಲ. ಸೀಬರ್ಟಳು ತನ್ನ ಪ್ರಯೋಗಗಳಲ್ಲಿ ಮೊಲಗಳನ್ನೇ ಉಪಯೋಗಿಸಿದ್ದಳು, ಏಕೆಂದರೆ ಮೊಲಕ್ಕೂ ಮನುಷ್ಯನಿಗೂ ಈ ವಿಷದಿಂದ ಜ್ವರ ಬರುವ ಪ್ರಮಾಣವು ಹೆಚ್ಚುಕಡಮೆ ಒಂದೇ. ೧೯೪೨ರಲ್ಲಿ ಅಮೆರಿಕದ ಔಷಧಸಂಹಿತೆಯು ಮೊಲದ ಪರೀಕ್ಷೆಯನ್ನು ವಿಧಿಯಾಗಿ ಸೇರಿಸಿತು. ಬೇರೆ ದೇಶಗಳೂ ಅದನ್ನು ಅನುಸರಿಸಿದವು.

ಪರೀಕ್ಷೆಯ ಕ್ರಮವು ಹೀಗಿದ್ದಿತು. ತಯಾರಾದ ಔಷಧದ ಒಂದು ಪಾಲನ್ನು ಮೂರು ಮೊಲಗಳ ಕಿವಿಯ ರಕ್ತನಾಳಕ್ಕೆ ಚುಚ್ಚುವರು. ಮೊಲಗಳು ಅಲುಗದಂತೆ ಕತ್ತಿನ ಬಳಿ ಹಿಡಿದಿಡುವ ಪೆಟ್ಟಿಗೆಯಲ್ಲಿ ಕೂಡಿಸಿ, ಮೂರು ಗಂಟೆಗಳವರೆಗೆ ಅವುಗಳ ಮೈಶಾಖವನ್ನು ಅಳೆಯುವರು. ಒಂದಕ್ಕೂ ಅರ್ಧ ಡಿಗ್ರಿಯಷ್ಟು ಏರದಿದ್ದರೆ ಔಷಧವು ತೇರ್ಗಡೆಯಾಯಿತು. ಏರಿದರೆ ಇನ್ನೂ ಐದು ಮೊಲಗಳ ಮೇಲೆ ನೋಡುವರು. ಮೊಲವು ಸಾಮಾನ್ಯವಾಗಿ ಇದರಿಂದ ಸಾಯುತ್ತಿರಲಿಲ್ಲ; ಮತ್ತೆ ಮತ್ತೆ ಇದೇ ಕೆಲಸಕ್ಕೆ ಬರುತ್ತಿತ್ತು. ಈ ಪರೀಕ್ಷೆಯು ಎಣಿಸಲಾಗದಷ್ಟು ರೋಗಿಗಳನ್ನು ಕಾಪಾಡಿತೆಂಬುದನ್ನು ನಾವು ಒಪ್ಪಲೇಬೇಕು.

ಇಲ್ಲಿಗೆ ಬಂದಾಗ ನಾನು ಹುಡುಗಿಯರಿಗೆ ಒಂದು ಪ್ರಶ್ನೆಯನ್ನು ಕೊಟ್ಟೆನು: "ಮೊಲಕ್ಕೆ ನಾವು ಕೇಳುತ್ತಿರುವುದೇನು? ಒಂದೇ ವಾಕ್ಯದಲ್ಲಿ ಬರೆಯಿರಿ." ಮೊದಲು ಅವರು "ಈ ಔಷಧವು ಒಳ್ಳೆಯದೇ?" ಎಂದು ಬರೆದರು. ಅದು ಸರಿಯಲ್ಲ, ಮೊಲವು ಅಷ್ಟೆಲ್ಲ ಹೇಳಲಾರದು. ಎರಡನೆಯ ಸಲ "ಇದರಿಂದ ಜ್ವರ ಬರುವುದೇ?" ಎಂದು ಬರೆದರು. ಮೂರನೆಯ ಸಲ ತಮ್ಮನ ವಿಷಯವನ್ನು ಹೇಳಿದ್ದ ಹುಡುಗಿಯು, "ಈ ನೀರಿನಲ್ಲಿ ಅಂತರ್ವಿಷವು ಇದೆಯೇ?" ಎಂದು ಬರೆದು ತಂದಳು. ಪ್ರಶ್ನೆಯು ಇಷ್ಟು ಕಿರಿದಾದ ಮೇಲೆ, ಇದನ್ನು ಕೇಳುವುದಕ್ಕೆ ಮೊಲವೇ ಬೇಕೇ ಎಂಬ ವಿಚಾರವು ತಾನಾಗಿಯೇ ಹುಟ್ಟುತ್ತದೆ.

೪. ನೀಲಿ ರಕ್ತದ ಜೀವಿ

ಉತ್ತರವು ಯಾರೂ ನೆನೆಯದ ಕಡೆಯಿಂದ ಬಂದಿತು. ಉತ್ತರ ಅಮೆರಿಕದ ಪೂರ್ವ ಕರಾವಳಿಯ ಸಮುದ್ರದಲ್ಲಿ ಕುದುರೆಯ ಲಾಳದ ಆಕಾರದ ಚಿಪ್ಪುಳ್ಳ ಒಂದು ಜೀವಿಯಿದೆ. ಇದನ್ನು ಲಾಳದ ಏಡಿಯೆಂದು ಕರೆಯುವುದಾದರೂ ನಿಜವಾಗಿ ಇದು ಜೇಡ ಮತ್ತು ಚೇಳುಗಳ ನಂಟ. ಇದರ ಕುಲವು ೪೦ ಕೋಟಿ ವರುಷಗಳಿಗಿಂತಲೂ ಹಳೆಯದು. ನಮ್ಮ ರಕ್ತದಲ್ಲಿ ಕಬ್ಬಿಣವಿರುವಂತೆ ಇದರ ರಕ್ತದಲ್ಲಿ ತಾಮ್ರವಿರುವುದರಿಂದ ಗಾಳಿ ತಗುಲಿದಾಗ ರಕ್ತವು ನೀಲಿಯಾಗಿ ಕಾಣುತ್ತದೆ.

ಫ್ರೆಡರಿಕ್ ಬ್ಯಾಂಗ್ ಎಂಬ ವೈದ್ಯಶಾಸ್ತ್ರಜ್ಞನು ಮ್ಯಾಸಚೂಸೆಟ್ಸ್ ಪ್ರಾಂತದ ವುಡ್ಸ್ ಹೋಲ್ ಎಂಬಲ್ಲಿಯ ಸಮುದ್ರಜೀವಿ ಪ್ರಯೋಗಶಾಲೆಯಲ್ಲಿ ಈ ಜೀವಿಯನ್ನು ಅಭ್ಯಾಸಮಾಡುತ್ತಿದ್ದನು. ಸಮುದ್ರದ ಒಂದು ಜಾತಿಯ ಬ್ಯಾಕ್ಟೀರಿಯಾವು ಇದರ ಮೈಯೊಳಗೆ ಸೇರಿದರೆ ರಕ್ತವೆಲ್ಲ ಗಟ್ಟಿಕಟ್ಟುವುದೆಂದು ೧೯೫೬ರಲ್ಲಿ ಪ್ರಕಟಿಸಿದನು. ಅನಂತರ ಜ್ಯಾಕ್ ಲೆವಿನ್ ಎಂಬ ರಕ್ತಶಾಸ್ತ್ರಜ್ಞನು ಅವನೊಡನೆ ಸೇರಿದನು. ಹೀಗೆ ಗಟ್ಟಿಕಟ್ಟಿಸುವುದು ಬ್ಯಾಕ್ಟೀರಿಯಾದ ಅಂತರ್ವಿಷವೇ ಎಂದು ಇಬ್ಬರೂ ೧೯೬೪ರಲ್ಲಿ ತೋರಿಸಿದರು. ಏಡಿಯ ರಕ್ತಕಣಗಳನ್ನು ಒಡೆದು ತೆಗೆದ ಸಾರವನ್ನು ಗಾಜಿನ ಕೊಳವೆಯಲ್ಲಿ ಇಟ್ಟು, ಅದಕ್ಕೆ ಅತ್ಯಲ್ಪ ಅಂತರ್ವಿಷವಿರುವ ನೀರನ್ನು ಬೆರಸಿದರೂ ಅದು ಹೆಪ್ಪುಗಟ್ಟುತ್ತದೆ.

ನಮ್ಮ ಮನೆಗಳಲ್ಲಿ ಹಾಲಿಗೆ ಹೆಪ್ಪು ಹಾಕಿ, ಬೆಳಗ್ಗೆ ಪಾತ್ರೆಯನ್ನು ಸ್ವಲ್ಪ ಓರೆಮಾಡಿ ಮೊಸರು ಕಟ್ಟಿದೆಯೇ ಎಂದು ನೋಡುವುದಿಲ್ಲವೇ? ಈ ಪರೀಕ್ಷೆಯ ಕೊನೆಯ ಹೆಜ್ಜೆಯೂ ಹಾಗೆಯೇ. ಸಾರ ಮತ್ತು ಔಷಧಗಳನ್ನು ಸಮನಾಗಿ ಬೆರಸಿ, ೩೭ ಡಿಗ್ರಿಯ ಶಾಖದಲ್ಲಿ ಒಂದು ಗಂಟೆ ಅಲುಗದೆ ಇಟ್ಟು, ಕೊಳವೆಯನ್ನು ತಲೆಕೆಳಗು ಮಾಡುವರು. ಗಡ್ಡೆಯು ಜಾರದೆ ನಿಂತರೆ ಅಂತರ್ವಿಷವುಂಟು. ನೀರಾಗಿ ಹರಿದರೆ, ಪರೀಕ್ಷೆಯು ಹಿಡಿಯಬಲ್ಲಷ್ಟು ಅಂತರ್ವಿಷವು ಅದರಲ್ಲಿಲ್ಲ. ರಕ್ತನಾಳಕ್ಕೆ ಕೊಡುವ ಔಷಧದಲ್ಲಿ ಎಷ್ಟರ ಮಟ್ಟಿಗೆ ಇರಬಹುದೆಂಬುದಕ್ಕೂ ಮೇರೆಯನ್ನು ಕಟ್ಟಿದ್ದಾರೆ: ದೇಹದ ತೂಕದ ಒಂದು ಕಿಲೋಗ್ರಾಮಿಗೆ ಗಂಟೆಯೊಂದಕ್ಕೆ ೫ ಮಾನಗಳು. ೧೯೭೭ರಲ್ಲಿ ಅಮೆರಿಕದ ಸರಕಾರವು ಮೊಲದ ಪರೀಕ್ಷೆಯ ಸ್ಥಾನದಲ್ಲಿ ಇದನ್ನು ಉಪಯೋಗಿಸುವುದಕ್ಕೆ ಒಪ್ಪಿಗೆಯನ್ನು ಕೊಟ್ಟಿತು.

೫. ನಮ್ಮ ತರಗತಿಯ ಹೆಪ್ಪಿನ ಪ್ರಯೋಗ

೧೯೬೪ರಲ್ಲಿ ತಿಳಿದದ್ದಕ್ಕೆ ೧೯೭೭ರವರೆಗೆ ಏಕೆ ಕಾಯಬೇಕಾಯಿತೆಂದು ಹುಡುಗಿಯರು ಅಸಮಾಧಾನಪಟ್ಟರು. ಅಷ್ಟು ವರುಷ ಮೊಲಗಳಿಗೆ ತೊಂದರೆ ಕೊಟ್ಟದ್ದು ಏತಕ್ಕೆ? ಇದಕ್ಕೆ ಬಾಯಿಮಾತಿನ ಉತ್ತರವು ಸಾಲದೆಂದು ನಾನು ಏಳು ಸಣ್ಣ ಗಾಜಿನ ಲೋಟಗಳನ್ನೂ ಕಾಯಿಸಿ ಆರಿಸಿದ ಹಾಲನ್ನೂ ತರಿಸಿದೆನು.

ಮೊದಲನೆಯ ಲೋಟಕ್ಕೆ ಹೆಪ್ಪು ಹಾಕಿದೆವು. ಎರಡನೆಯದಕ್ಕೆ ಏನನ್ನೂ ಹಾಕದೆ ಚಮಚದಿಂದ ಕಲಕಿ ಮಾತ್ರ ಇಟ್ಟೆವು. ಉಳಿದ ಐದಕ್ಕೆ ಅ, ಆ, ಇ, ಈ, ಉ ಎಂದು ಗುರುತು ಮಾಡಿದ ಸೀಸೆಗಳಿಂದ ಒಂದೊಂದು ಚಮಚದಷ್ಟು ಹಾಕಿ ಕಲಕಿದೆವು. ಸೀಸೆಗಳಲ್ಲಿ ಕೆಲವು ಬರಿಯ ನೀರು, ಕೆಲವು ನೀರು ಬೆರಸಿದ ಮಜ್ಜಿಗೆಯ ತಿಳಿ. ಸೀಸೆಗಳಿಗೆ ಕಾಗದ ಸುತ್ತಿದ್ದರಿಂದ ಯಾವುದು ಯಾವುದೆಂದು ನನಗೂ ತಿಳಿಯದು. ಬೇರೊಬ್ಬ ಉಪಾಧ್ಯಾಯಿನಿಯು ಬರೆದು ಲಕೋಟೆಯಲ್ಲಿ ಇಟ್ಟು ಅಂಟಿಸಿದ್ದರು. ಕಲಕುವ ಕೆಲಸವನ್ನು ಮೊಲಗಳ ಹುಡುಗಿಗೆ ಕೊಟ್ಟೆನು.

ಮರುದಿನ ಬೆಳಗ್ಗೆ ಲೋಟಗಳನ್ನು ಓರೆಮಾಡಿ ನೋಡಿದರೆ ಏಳಕ್ಕೆ ಏಳೂ ಗಟ್ಟಿಯಾಗಿದ್ದವು! "ಐದು ಸೀಸೆಯಲ್ಲಿಯೂ ಹೆಪ್ಪು ಇದ್ದಿತು" ಎಂದು ತರಗತಿಯು ತೀರ್ಪು ಕೊಟ್ಟುಬಿಟ್ಟಿತು. ಕಪ್ಪುಹಲಗೆಯ ಮೇಲೆ ಬರೆದೂ ಆಯಿತು. ಆಗ ಹಿಂದಿನ ಬೆಂಚಿನ ಹುಡುಗಿಯು, "ಹಾಗಾದರೆ ಎರಡನೆಯ ಲೋಟವು ಏಕೆ ಗಟ್ಟಿಯಾಯಿತು? ಅದಕ್ಕೆ ನಾವು ಏನನ್ನೂ ಹಾಕಿರಲಿಲ್ಲವಲ್ಲ" ಎಂದಳು. ಎಲ್ಲರೂ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಮೊಲಗಳ ಹುಡುಗಿಯು ತಗ್ಗಿದ ದನಿಯಲ್ಲಿ, "ಟೀಚರ್, ಮೊದಲನೆಯ ಲೋಟವನ್ನು ಕಲಕಿದ ಚಮಚದಿಂದಲೇ ನಾನು ಎಲ್ಲವನ್ನೂ ಕಲಕಿದೆ" ಎಂದು ಹೇಳಿದಳು.

ನಾನು ಅವಳನ್ನು ಗದರಿಸಲಿಲ್ಲ. ಸೀಬರ್ಟಳ ಭಟ್ಟಿಯಲ್ಲಿ ತುಂತುರು ಮಾಡಿದ ಕೆಲಸವನ್ನೇ ನಮ್ಮ ತರಗತಿಯಲ್ಲಿ ಚಮಚವು ಮಾಡಿತ್ತು. ಏನೂ ಹಾಕದ ಆ ಒಂದು ಲೋಟವು ಇಲ್ಲದಿದ್ದರೆ ನಾವು ನಿರ್ದೋಷಿಯಾದ ನೀರಿಗೆ ಅಪರಾಧವನ್ನು ಹೊರಿಸಿ ಮನೆಗೆ ಹೋಗುತ್ತಿದ್ದೆವು. ಮತ್ತೆ ಪ್ರಯೋಗವನ್ನು ಮಾಡಿದೆವು. ಈ ಸಲ ಏಳು ಚಮಚಗಳನ್ನು ತೊಳೆದು, ಕುದಿಸಿ, ಬೇರೆ ಬೇರೆಯಾಗಿ ಇಟ್ಟೆವು. ಬೆಳಗ್ಗೆ ಲಕೋಟೆಯನ್ನು ಒಡೆದಾಗ ನಾಲ್ಕು ಸೀಸೆಗಳಲ್ಲಿ ನಮ್ಮ ಉತ್ತರವು ಸರಿಯಾಗಿತ್ತು. ಐದನೆಯದರಲ್ಲಿ ಮಜ್ಜಿಗೆಯು ಬಹಳ ತೆಳ್ಳಗಿದ್ದುದರಿಂದ ಹಾಲು ಅಷ್ಟು ಹೊತ್ತಿಗೆ ಕಟ್ಟಿರಲಿಲ್ಲ. ನಾವು ಅದನ್ನು ಬರಿಯ ನೀರೆಂದು ಬರೆದಿದ್ದೆವು.

"ಇದು ಸಲೈನ್ ಬಾಟಲಿಯಾಗಿದ್ದಿದ್ದರೆ?" ಎಂದು ಮೊಲಗಳ ಹುಡುಗಿಯೇ ಕೇಳಿದಳು. ಮೊದಲ ದಿನ ಅವಳ ಎದುರಾಳಿಯು ಕೇಳಿದ ಪ್ರಶ್ನೆಯೇ ಈಗ ಅವಳ ಬಾಯಲ್ಲಿ ಬಂದಿತು. ಹೊಸ ಪರೀಕ್ಷೆಗೆ ಏಕೆ ಅಷ್ಟು ವರುಷಗಳು ಹಿಡಿದವೆಂದು ಆಮೇಲೆ ಯಾರೂ ಕೇಳಲಿಲ್ಲ. ಬೇರೆ ಬೇರೆ ಶಾಲೆಗಳಲ್ಲಿ, ಬೇರೆ ಬೇರೆ ಕೈಗಳಿಂದ, ಒಳಗೇನಿದೆಯೆಂದು ತಿಳಿಯದ ಸೀಸೆಗಳನ್ನು ಪರೀಕ್ಷಿಸಿ, ಹೊಸ ಸಾಕ್ಷಿಯು ಹಳೆಯ ಸಾಕ್ಷಿಯಷ್ಟೇ ನಂಬತಕ್ಕದ್ದೆಂದು ತೋರಿಸುವುದಕ್ಕೆ ಪ್ರಮಾಣೀಕರಣವೆಂದು ಹೆಸರು. ಅದು ಬೇಸರದ ಕೆಲಸ. ಆದರೆ ಮೊಲವನ್ನೂ ಮಗುವನ್ನೂ ಒಟ್ಟಿಗೆ ಕಾಪಾಡುವುದು ಆ ಬೇಸರದ ಕೆಲಸವೇ.

೬. ಬದಲಿಗೂ ಒಂದು ಬದಲಿ

ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಮೊಲದ ಹೊರೆಯು ಏಡಿಯ ಮೇಲೆ ಬಿದ್ದಿತು. ಲಾಳದ ಏಡಿಗಳನ್ನು ಸಮುದ್ರದಿಂದ ಹಿಡಿದು, ಅವುಗಳ ರಕ್ತದ ಒಂದು ಪಾಲನ್ನು ತೆಗೆದು, ಮತ್ತೆ ನೀರಿಗೆ ಬಿಡುತ್ತಾರೆ. ಹಾಗೆ ಬಿಟ್ಟವುಗಳಲ್ಲಿ ಎಲ್ಲವೂ ಬದುಕುವುದಿಲ್ಲ. ಒಂದು ಪ್ರಾಣಿಯನ್ನು ಬಿಡಿಸುವುದಕ್ಕಾಗಿ ಇನ್ನೊಂದನ್ನು ಕಟ್ಟಿಹಾಕಿದರೆ ಕೆಲಸವು ಅರ್ಧವೇ ಆದಂತೆ.

ಈ ಉಳಿದ ಅರ್ಧಕ್ಕೆ ನಮ್ಮ ನೆರೆಯ ಸಮುದ್ರಕ್ಕೆ ಸಂಬಂಧಪಟ್ಟ ಒಂದು ಜೀವಿಯು ಸಹಾಯಮಾಡಿತು. ಲಾಳದ ಏಡಿಗಳ ಎರಡು ಜಾತಿಗಳು ನಮ್ಮ ದೇಶದ ಒಡಿಶಾ ಮತ್ತು ಬಂಗಾಳದ ಕರಾವಳಿಯಲ್ಲಿಯೂ ಇವೆ. ಅವುಗಳಲ್ಲಿ ಒಂದು ಜಾತಿಯು ಸಿಂಗಪುರದ ಕಡೆಯಲ್ಲಿಯೂ ಉಂಟು. ೧೯೯೦ರ ದಶಕದಲ್ಲಿ ಸಿಂಗಪುರದ ವಿಶ್ವವಿದ್ಯಾಲಯದಲ್ಲಿ ಜೀಕ್ ಲಿಂಗ್ ಡಿಂಗ್ ಎಂಬ ವಿದುಷಿಯೂ ಅವರ ಪತಿಯಾದ ಬೋ ಹೋ ಎಂಬವರೂ, ಆ ಏಡಿಯ ರಕ್ತದಲ್ಲಿ ಅಂತರ್ವಿಷವನ್ನು ಮೊದಲು ಗುರುತಿಸುವ 'ಸಿ' ಅಂಶವೆಂಬ ಪ್ರೋಟೀನಿನ ಜೀನನ್ನು ಬೇರ್ಪಡಿಸಿದರು. ಆ ಜೀನನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಿಗೆ ಸೇರಿಸಿದರೆ ಅವೇ ಆ ಪ್ರೋಟೀನನ್ನು ತಯಾರಿಸುತ್ತವೆ. ಏಡಿಯನ್ನು ಮತ್ತೆ ಹಿಡಿಯಬೇಕಾಗಿಲ್ಲ. ಯುರೋಪಿನ ಔಷಧಸಂಹಿತೆಯು ಈ ಪರೀಕ್ಷೆಯನ್ನು ೨೦೨೧ರ ಜನವರಿಯಿಂದ ಸ್ವೀಕರಿಸಿತು.

ಇನ್ನೂ ಒಂದು ಕೊರತೆಯಿದ್ದಿತು. ಏಡಿಯ ಸಾರವು ಗುರುತಿಸುವುದು ಮುಖ್ಯವಾಗಿ ಅಂತರ್ವಿಷವನ್ನು. ಜ್ವರವನ್ನು ಬರಿಸುವ ಬೇರೆ ವಸ್ತುಗಳೂ ಉಂಟು. ಮೊಲವು ಅವುಗಳಿಗೂ ಜ್ವರದಿಂದ ಉತ್ತರ ಕೊಡುತ್ತಿತ್ತು. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದ ಥಾಮಸ್ ಹಾರ್ಟುಂಗ್ ಮತ್ತು ಆಲ್ಬ್ರೆಕ್ಟ್ ವೆಂಡೆಲ್ ಎಂಬವರು ೧೯೯೫ರಲ್ಲಿ ಮನುಷ್ಯನ ರಕ್ತವನ್ನೇ ಸಾಕ್ಷಿಯಾಗಿ ಕರೆದರು. ನಮಗೆ ಜ್ವರ ಬರುವುದು ಹೇಗೆ? ರಕ್ತದಲ್ಲಿರುವ ಮಾನೊಸೈಟ್ ಎಂಬ ಬಿಳಿ ಕಣಗಳು ಹೊರಗಿನ ವಸ್ತುವನ್ನು ಗುರುತಿಸಿ, ಮೆದುಳಿಗೆ ಸುದ್ದಿಯನ್ನು ಮುಟ್ಟಿಸುವ ಕೆಲವು ಪದಾರ್ಥಗಳನ್ನು ಹೊರಡಿಸುತ್ತವೆ. ದಾನಿಯಿಂದ ಪಡೆದ ಸ್ವಲ್ಪ ರಕ್ತಕ್ಕೆ ಔಷಧವನ್ನು ಬೆರಸಿ, ಆ ಪದಾರ್ಥಗಳು ಹೊರಟವೇ ಎಂದು ಕೊಳವೆಯಲ್ಲಿಯೇ ಅಳೆಯಬಹುದು. ಇಲ್ಲಿ ಮೊಲಕ್ಕೆ ಬಂದ ಜ್ವರದಿಂದ ಮನುಷ್ಯನ ಜ್ವರವನ್ನು ಊಹಿಸಬೇಕಾಗಿಲ್ಲ. ಮನುಷ್ಯನ ಕಣವೇ ಉತ್ತರ ಕೊಡುತ್ತದೆ. ೨೦೧೦ರಲ್ಲಿ ಇದು ಯುರೋಪಿನ ಸಂಹಿತೆಯಲ್ಲಿ ಸೇರಿತು. ನಮ್ಮ ಭಾರತೀಯ ಔಷಧಸಂಹಿತೆಯೂ ೨೦೧೮ರ ಆವೃತ್ತಿಯಲ್ಲಿ ಮೊಲದ ಪರೀಕ್ಷೆಯ ಸ್ಥಾನದಲ್ಲಿ ಇಂಥ ಕೊಳವೆಯ ಪರೀಕ್ಷೆಗಳನ್ನು ತಂದಿತು. ಯುರೋಪಿನ ಸಂಹಿತೆಯು ೨೦೨೪ರ ಜೂನ್ ತಿಂಗಳಿನಲ್ಲಿ ನಿರ್ಣಯಿಸಿ, ೨೦೨೫ರ ಜುಲೈ ೧ರಿಂದ ತನ್ನ ಔಷಧವಿಧಿಗಳಿಂದ ಮೊಲದ ಪರೀಕ್ಷೆಯನ್ನು ತೆಗೆದುಹಾಕಿತು.

೭. ಇನ್ನೂ ಉಳಿದಿರುವುದು

೧೯೫೯ರಲ್ಲಿ ಆಂಗ್ಲದೇಶದ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್ ಎಂಬವರು ಪ್ರಯೋಗಪ್ರಾಣಿಗಳ ವಿಷಯದಲ್ಲಿ ಮೂರು ಸೂತ್ರಗಳನ್ನು ಹೇಳಿದರು. ಸಾಧ್ಯವಾದಲ್ಲಿ ಪ್ರಾಣಿಗೆ ಬದಲಿಯನ್ನು ಹುಡುಕುವುದು ಮೊದಲನೆಯದು. ಪ್ರಾಣಿಗಳು ಬೇಕೇಬೇಕಾದಲ್ಲಿ ಸಂಖ್ಯೆಯನ್ನು ಕಡಮೆ ಮಾಡುವುದು ಎರಡನೆಯದು. ಉಪಯೋಗಿಸುವ ಪ್ರಾಣಿಗೆ ನೋವನ್ನು ತಗ್ಗಿಸುವುದು ಮೂರನೆಯದು. ನಮ್ಮ ದೇಶದಲ್ಲಿ ರಾಜ್ಯಸಭೆಯ ಸದಸ್ಯೆಯಾಗಿದ್ದ ನೃತ್ಯವಿದುಷಿ ರುಕ್ಮಿಣೀದೇವಿ ಅರುಂಡೇಲ್ ಅವರ ಪ್ರಯತ್ನವು ಪ್ರೇರಣೆಯಾಗಿ ೧೯೬೦ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಶಾಸನವು ಬಂದಿತು. ಪ್ರಾಣಿಪ್ರಯೋಗವನ್ನು ಸಾಧ್ಯವಾದಲ್ಲೆಲ್ಲ ಬಿಡಬೇಕೆಂದೂ, ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಪಾಠವು ನಡೆಯುವಲ್ಲಿ ಪ್ರಾಣಿಗಳನ್ನು ಉಪಯೋಗಿಸಬಾರದೆಂದೂ ಅದರ ಆಶಯ. ೨೦೧೪ರಲ್ಲಿ ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದು ಭಾರತದಲ್ಲಿ ನಿಷಿದ್ಧವಾಯಿತು. ೨೦೨೩ರ ಮಾರ್ಚ್ ತಿಂಗಳಿನಲ್ಲಿ ಹೊಸ ಔಷಧಗಳ ನಿಯಮಗಳನ್ನು ತಿದ್ದಿ, ಜೀವಕೋಶಗಳಿಂದಲೂ ಗಣಕಯಂತ್ರದಿಂದಲೂ ದೊರೆಯುವ ಸಾಕ್ಷ್ಯಕ್ಕೆ ಅವಕಾಶವನ್ನು ಮಾಡಿಕೊಟ್ಟರು.

ಆದರೆ ಮಕ್ಕಳಿಗೆ ಅರ್ಧ ಸತ್ಯವನ್ನು ಕಲಿಸಬಾರದು. ಪ್ರಾಣಿಪರೀಕ್ಷೆಯು ಇಂದಿಗೂ ಪೂರ್ತಿಯಾಗಿ ನಿಂತಿಲ್ಲ. ಜ್ವರದ ಪ್ರಶ್ನೆಯು ಕಿರಿದಾದುದು; ಆದುದರಿಂದಲೇ ಅದು ಕೊಳವೆಯೊಳಗೆ ಹಿಡಿಯಿತು. ಹೊಸ ಔಷಧವೊಂದು ಯಕೃತ್ತಿನಲ್ಲಿ ಮಾರ್ಪಟ್ಟು, ರಕ್ತದಲ್ಲಿ ಸುತ್ತಿ, ಹೃದಯಕ್ಕೂ ಗರ್ಭದಲ್ಲಿರುವ ಶಿಶುವಿಗೂ ತಿಂಗಳುಗಟ್ಟಲೆ ಏನು ಮಾಡುವುದೆಂಬ ಪ್ರಶ್ನೆಯು ದೊಡ್ಡದು. ಅದನ್ನು ಚಿಕ್ಕ ಚಿಕ್ಕ ಪ್ರಶ್ನೆಗಳಾಗಿ ಒಡೆದು, ಒಂದೊಂದಕ್ಕೂ ನಂಬತಕ್ಕ ಉತ್ತರವನ್ನು ಬೇರೆ ಕಡೆಯಲ್ಲಿ ಹುಡುಕುವ ಕೆಲಸವು ನಡೆಯುತ್ತಲಿದೆ. ಆ ಕೆಲಸವನ್ನು ಮುಂದುವರಿಸುವವರು ಈಗ ನಮ್ಮ ಬೆಂಚುಗಳ ಮೇಲೆ ಕುಳಿತಿರುವವರೇ ಆಗಬಹುದು.

೮. ಮನೆಯಲ್ಲಿ ಕೇಳತಕ್ಕ ಪ್ರಶ್ನೆಗಳು

ತಂದೆತಾಯಿಗಳು ಈ ಪಾಠವನ್ನು ಮಕ್ಕಳೊಡನೆ ಓದಿ ಕೆಳಗಿನ ಪ್ರಶ್ನೆಗಳನ್ನು ಕೇಳಬೇಕೆಂದು ಪ್ರಾರ್ಥನೆ.

(೧) ನೀರನ್ನು ಕುದಿಸಿದರೂ ಸೂಜಿಮದ್ದಿನಿಂದ ಜ್ವರವು ಬರುತ್ತಿದ್ದುದಕ್ಕೆ ಕಾರಣವೇನು? ಕುಡಿಯುವ ನೀರಿಗೆ ಈ ಭಯವು ಏಕಿಲ್ಲ?

(೨) ಮೊಲಕ್ಕೆ ಕೇಳುತ್ತಿದ್ದ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಹೇಳು. ಅದಕ್ಕೆ ಮೊಲವಿಲ್ಲದೆ ಉತ್ತರವನ್ನು ಪಡೆಯುವ ಎರಡು ವಿಧಗಳಾವುವು?

(೩) ನಮ್ಮ ಹೆಪ್ಪಿನ ಪ್ರಯೋಗದಲ್ಲಿ ಏನೂ ಹಾಕದ ಲೋಟವನ್ನು ಏಕೆ ಇಟ್ಟೆವು? ಐದನೆಯ ಸೀಸೆಯಲ್ಲಿ ನಾವು ಏಕೆ ತಪ್ಪಿದೆವು?

(೪) ಒಂದು ಹೊಸ ಪರೀಕ್ಷೆಯು ಪ್ರಾಣಿಗೆ ನೋವು ಕೊಡುವುದಿಲ್ಲವೆಂಬುದೊಂದೇ ಅದನ್ನು ಸ್ವೀಕರಿಸುವುದಕ್ಕೆ ಸಾಕೇ? ಸಾಲದಿದ್ದರೆ ಮತ್ತೇನು ಬೇಕು?

ಮೊದಲ ದಿನ ಎದುರುಬದುರಾಗಿ ನಿಂತಿದ್ದ ಆ ಇಬ್ಬರು ಹುಡುಗಿಯರ ವಿಷಯವನ್ನು ಹೇಳಿ ಮುಗಿಸುವೆನು. ಎರಡನೆಯ ಸಲ ಪ್ರಯೋಗಮಾಡುವಾಗ ಏಳು ಚಮಚಗಳನ್ನು ಕುದಿಸುವುದಕ್ಕೆ ಯಾರು ಬರುವಿರೆಂದು ಕೇಳಿದೆನು. ಅವರಿಬ್ಬರೇ ಬಂದರು. ಒಬ್ಬಳು ತೊಳೆದಳು, ಇನ್ನೊಬ್ಬಳು ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು ನೋಡಿ, ಎರಡನ್ನು ಮತ್ತೆ ತೊಳೆಯುವುದಕ್ಕೆ ಹಿಂದಕ್ಕೆ ಕೊಟ್ಟಳು. ಮೊದಲನೆಯವಳು ಬೇಸರಿಸದೆ ಅವನ್ನು ಮತ್ತೆ ತೊಳೆದಳು.